ಸಕ್ಕರೆ ಇಲ್ಲದ ಚಾಕಲೇಟು ಇರುತ್ತದೆಯೇ? – ಒಂದು ಹುಟ್ಟುಹಬ್ಬದ ಪ್ರಶ್ನೆ



ಹುಟ್ಟುಹಬ್ಬ ಬಂದರೆ ನಮ್ಮ ಶಾಲೆಯ ಮಕ್ಕಳು ಹೊಸ ಅಂಗಿ ಹಾಕಿಕೊಂಡು, ಕೈಯಲ್ಲಿ ಒಂದು ಚಾಕಲೇಟಿನ ಪೊಟ್ಟಣ ಹಿಡಿದು ಬರುತ್ತಾರೆ. ಇದು ನಿಮ್ಮ ಶಾಲೆಗಳಲ್ಲಿಯೂ ಇರುವ ಪದ್ಧತಿಯೇ. ಇಲ್ಲಿ ಸಾಂಕೋಲೆಯ ಸುತ್ತಮುತ್ತ ಬಾಡಿಗೆ ಖೋಲಿಗಳಲ್ಲಿರುವ ನಮ್ಮ ಉತ್ತರ ಕರ್ನಾಟಕದ ಕುಟುಂಬಗಳಿಗೆ ಆ ಪೊಟ್ಟಣವೂ ಒಂದು ಖರ್ಚೇ. ಆದರೂ ಮಕ್ಕಳ ಆಸೆಗೆ ಇಲ್ಲ ಎನ್ನಲಾಗದೆ ತಂದುಕೊಡುತ್ತಾರೆ.

ಅಂಥದೇ ಒಂದು ದಿನ ನಾಲ್ಕನೆಯ ತರಗತಿಯ ಒಬ್ಬ ಹುಡುಗ ಎಲ್ಲರಿಗೂ ಹಂಚಿದ ಮೇಲೆ ಒಂದು ಚಾಕಲೇಟನ್ನು ಕಿಸೆಯಲ್ಲಿ ಇಟ್ಟುಕೊಂಡ. "ಯಾರಿಗಪ್ಪಾ ಅದು?" ಎಂದು ಕೇಳಿದೆ.

"ನಮ್ಮವ್ವಗ್ರೀ ಸರ್. ಆದ್ರ ಆಕಿಗೆ ಸಕ್ಕರಿ ಬ್ಯಾನಿ ಐತಿ ಅಂತ ಡಾಕ್ಟರ್ ಹೇಳ್ಯಾರ. ತಿನ್ನಬ್ಯಾಡ ಅಂದಾರ. ಸಕ್ಕರಿ ಇಲ್ಲದ ಚಾಕಲೇಟ್ ಇರೂದಿಲ್ಲೇನ್ರೀ ಸರ್?"

ತರಗತಿಯ ಮಕ್ಕಳೆಲ್ಲ ನಕ್ಕರು. ಸಕ್ಕರೆ ಇಲ್ಲದಿದ್ದರೆ ಅದು ಚಾಕಲೇಟು ಹೇಗಾದೀತು ಎಂಬುದು ಅವರ ನಗೆಯ ಅರ್ಥ. ನನಗೆ ಮಾತ್ರ ನಗು ಬರಲಿಲ್ಲ. ಆ ತಾಯಿಗೆ ಇನ್ನೂ ಮೂವತ್ತೈದು ದಾಟಿಲ್ಲ. ಸಕ್ಕರೆ ಕಾಯಿಲೆ ಎಂದರೆ ಸಾಹುಕಾರರಿಗೆ, ಕುಳಿತು ತಿನ್ನುವವರಿಗೆ ಬರುವುದು ಎಂದು ನಾವು ಚಿಕ್ಕವರಿದ್ದಾಗ ಹೇಳುತ್ತಿದ್ದರು. ದಿನವಿಡೀ ದುಡಿಯುವ ತಾಯಿಗೂ ಅದು ಬಂದಿತ್ತು. 2023ರ ಜೂನ್ ತಿಂಗಳಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 'ಇಂಡಿಯಾಬ್' ಅಧ್ಯಯನದ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇಕಡಾ 11.4 ಮಂದಿಗೆ ಮಧುಮೇಹವಿದೆ. ಎಲ್ಲ ರಾಜ್ಯಗಳ ಪೈಕಿ ಮೊದಲ ಸ್ಥಾನದಲ್ಲಿರುವುದು ನಾವು ಅನ್ನ ತಿನ್ನುತ್ತಿರುವ ಈ ಗೋವಾ. ಇಲ್ಲಿ ಶೇಕಡಾ 26.4! ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು.

ಹುಡುಗನಿಗೆ ಅಂದು "ನಾಳೆ ಹೇಳುತ್ತೇನೆ" ಎಂದೆ. ಮನೆಗೆ ಬಂದು ಪುಸ್ತಕಗಳನ್ನು ತಿರುವಿ ಹಾಕಿದಾಗ ತಿಳಿದದ್ದೇನೆಂದರೆ, ಪ್ರಶ್ನೆ ಕೇಳಿದ ಹುಡುಗನೇ ಸರಿ, ನಕ್ಕವರೇ ತಪ್ಪು. ಸಾವಿರಾರು ವರ್ಷ ಈ ಭೂಮಿಯ ಮೇಲೆ ಇದ್ದದ್ದು ಸಕ್ಕರೆ ಇಲ್ಲದ ಚಾಕಲೇಟು ಮಾತ್ರ. ಆ ಇತಿಹಾಸವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೊನೆಯಲ್ಲಿ ಆ ತಾಯಿಗಾಗಿ ನಮ್ಮ ಮನೆಯಲ್ಲಿ ಮಾಡಿದ ಒಂದು ತಣ್ಣನೆಯ ತಿನಿಸಿನ ವಿಧಾನವೂ ಇದೆ.

ಕಹಿಯಾಗಿ ಹುಟ್ಟಿದ ಪಾನೀಯ

ಚಾಕಲೇಟು ಮಾಡುವುದು ಕೊಕ್ಕೋ ಗಿಡದ ಬೀಜದಿಂದ. ಈ ಗಿಡದ ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. ಈಕ್ವೆಡಾರ್ ದೇಶದಲ್ಲಿ ಉತ್ಖನನದಲ್ಲಿ ಸಿಕ್ಕ ಮಡಕೆಗಳಲ್ಲಿ ಸುಮಾರು 5300 ವರ್ಷಗಳ ಹಿಂದಿನ ಕೊಕ್ಕೋದ ಕುರುಹು ಇರುವುದನ್ನು ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದರು. ಮುಂದೆ ಮೆಕ್ಸಿಕೋ ಕಡೆಯ ಮಾಯಾ ಮತ್ತು ಅಜ್ಟೆಕ್ ಜನರು ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದರು. ಬೀಜವನ್ನು ಹುರಿದು, ಕಲ್ಲಿನ ಮೇಲೆ ಅರೆದು, ನೀರಿನಲ್ಲಿ ಕಲಸಿ, ಮೇಲಿಂದ ಕೆಳಕ್ಕೆ ಹೊಯ್ದು ನೊರೆ ಬರಿಸಿ ಕುಡಿಯುತ್ತಿದ್ದರು. ನಮ್ಮಲ್ಲಿ ಚಹಾದಂಗಡಿಯವನು ಚಹಾ ಆರಿಸಿ ನೊರೆ ಎಬ್ಬಿಸುವುದಿಲ್ಲವೇ, ಹಾಗೆ. ಅದಕ್ಕೆ ಮೆಕ್ಕೆಜೋಳದ ಹಿಟ್ಟು, ಪರಿಮಳಕ್ಕೆ ವೆನಿಲ್ಲಾ ಮತ್ತು ಮೆಣಸಿನಕಾಯಿಯನ್ನು ಹಾಕುತ್ತಿದ್ದರು. ಕಬ್ಬಿನ ಸಕ್ಕರೆ ಆ ನಾಡಿನಲ್ಲಿ ಇರಲೇ ಇಲ್ಲ.

ಕೊಕ್ಕೋ ಬೀಜ ಅವರಿಗೆ ನಾಣ್ಯವೂ ಆಗಿತ್ತು. ಸಂತೆಯಲ್ಲಿ ಬೀಜ ಎಣಿಸಿ ಕೊಟ್ಟು ಸಾಮಾನು ಕೊಳ್ಳುತ್ತಿದ್ದರು. 1502ರಲ್ಲಿ ಕೊಲಂಬಸ್ ತನ್ನ ಕೊನೆಯ ಯಾನದಲ್ಲಿ ಒಂದು ದೋಣಿಯಲ್ಲಿ ಈ ಬೀಜಗಳನ್ನು ಕಂಡನು. ಅವನ ಜೊತೆಯವರು ಅವನ್ನು ಬಾದಾಮಿ ಎಂದು ತಿಳಿದರು! 1519ರಲ್ಲಿ ಕೋರ್ಟೆಸ್ ಎಂಬ ಸ್ಪೇನಿನ ಸೇನಾನಿ ಮೆಕ್ಸಿಕೋಗೆ ಬಂದ ಮೇಲೆಯೇ ಇದರ ಬೆಲೆ ಯುರೋಪಿಗೆ ತಿಳಿದದ್ದು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಈ ಗಿಡಕ್ಕೆ 'ಥಿಯೋಬ್ರೋಮಾ' ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ದೇವತೆಗಳ ಆಹಾರ.

ಸಕ್ಕರೆ ಹೋದದ್ದು ನಮ್ಮ ದೇಶದಿಂದ

ಹಾಗಾದರೆ ಸಕ್ಕರೆ ಎಲ್ಲಿಂದ ಬಂತು? ಇಲ್ಲೊಂದು ಸ್ವಾರಸ್ಯವಿದೆ. ಕಬ್ಬಿನ ರಸವನ್ನು ಕುದಿಸಿ ಹರಳು ಮಾಡುವ ವಿದ್ಯೆ ಬೆಳೆದದ್ದು ನಮ್ಮ ಭಾರತದಲ್ಲಿ. ಸಂಸ್ಕೃತದ 'ಶರ್ಕರಾ' ಎಂಬ ಶಬ್ದವೇ ಪರ್ಷಿಯನ್ ಭಾಷೆಯಲ್ಲಿ 'ಶಕರ್' ಆಗಿ, ಅರಬ್ಬಿಯಲ್ಲಿ 'ಸುಕ್ಕರ್' ಆಗಿ, ಪೋರ್ಚುಗೀಸರಲ್ಲಿ 'ಅಸೂಕರ್' ಆಗಿ, ಇಂಗ್ಲಿಷರಲ್ಲಿ 'ಶುಗರ್' ಆಯಿತು. ಕನ್ನಡದಲ್ಲಿ ಅದೇ ಸಕ್ಕರೆ. ನಮ್ಮ ವಿಜ್ಞಾನದ ಪಾಠದಲ್ಲಿ ಬರುವ 'ಶರ್ಕರಪಿಷ್ಟ' ಎಂಬ ಶಬ್ದದಲ್ಲಿಯೂ ಅದೇ ಕುಳಿತಿದೆ.

ಹೀಗೆ ಪೂರ್ವದಿಂದ ಹೋದ ಸಕ್ಕರೆ ಮತ್ತು ಪಶ್ಚಿಮದಿಂದ ಬಂದ ಕೊಕ್ಕೋ ಎರಡೂ ಸ್ಪೇನಿನವರ ಕೈಯಲ್ಲಿ ಸೇರಿದವು. ಕಹಿ ಪಾನೀಯಕ್ಕೆ ಸಕ್ಕರೆ, ದಾಲ್ಚಿನ್ನಿ ಬೆರೆಸಿ ಶ್ರೀಮಂತರು ಕುಡಿಯತೊಡಗಿದರು. ಉಪವಾಸದ ದಿನ ಇದನ್ನು ಕುಡಿಯಬಹುದೇ ಎಂದು ಕ್ರೈಸ್ತ ಪಾದ್ರಿಗಳಲ್ಲಿಯೇ ವಾದ ನಡೆಯಿತು. 1662ರಲ್ಲಿ ಬ್ರಾಂಕಾಚ್ಚೋ ಎಂಬ ಕಾರ್ಡಿನಲ್, ದ್ರವ ಪದಾರ್ಥದಿಂದ ಉಪವಾಸ ಕೆಡುವುದಿಲ್ಲ ಎಂದು ಅಭಿಪ್ರಾಯ ಕೊಟ್ಟರು. ಏಕಾದಶಿಯ ದಿನ ನಾಲ್ಕು ಲೋಟ ಚಹಾ ಕುಡಿಯುವ ನಮ್ಮವರು ಇದನ್ನು ಕೇಳಿದರೆ ಬಹಳ ಸಂತೋಷಪಟ್ಟಾರು!

ಇನ್ನು ಗೋವಾ. ನಾನು ಹೋಗಿಬರುವ ಹಾದಿಯ ಕಡೆಯಲ್ಲೇ ಸಾಂಕೋಲೆಯ ಹಳೆಯ ಚರ್ಚಿನ ಮುಂಭಾಗ ಒಂಟಿಯಾಗಿ ನಿಂತಿದೆ. 1566ರಲ್ಲಿ ಸ್ಥಾಪನೆಯಾದ ಈ ಚರ್ಚು 1834ರಲ್ಲಿ ಬೆಂಕಿಗೆ ಸಿಕ್ಕಿತು. ಉಳಿದದ್ದು ಮುಂದಿನ ಗೋಡೆ ಮಾತ್ರ. ಅದು ಆರೋಗ್ಯ ಮಾತೆಯ ಹೆಸರಿನ ಚರ್ಚು ಎಂಬುದನ್ನು ಮಕ್ಕಳಿಗೆ ಹೇಳುತ್ತಿರುತ್ತೇನೆ. ಆ ಗೋಡೆ ಕಟ್ಟಿದವರ ಹಡಗುಗಳಲ್ಲಿಯೇ ಅಮೆರಿಕದಿಂದ ಗೋಡಂಬಿ, ಅನಾನಸ್, ಪೇರಲ, ಮೆಣಸಿನಕಾಯಿ ಈ ಕರಾವಳಿಗೆ ಬಂದವು. ಅದಕ್ಕೂ ಮೊದಲು ನಮ್ಮ ಖಾರವೆಂದರೆ ಕಾಳುಮೆಣಸು. ಹೊಸ ಕಾಯಿಗೆ ಹಳೆಯ ಹೆಸರನ್ನೇ ಸೇರಿಸಿ 'ಮೆಣಸಿನಕಾಯಿ' ಎಂದರು ನಮ್ಮ ಹಿರಿಯರು. ಅಜ್ಟೆಕ್ ಜನರ ಚಾಕಲೇಟಿಗೆ ಬೀಳುತ್ತಿದ್ದದ್ದೂ ನಮ್ಮ ಬ್ಯಾಡಗಿಯ ಸಂತೆಯಲ್ಲಿ ರಾಶಿ ಬೀಳುವುದೂ ಒಂದೇ ವಂಶದ್ದು.

ಸಿಹಿಯ ಹಿಂದಿನ ಬೆವರು

ಚಾಕಲೇಟು ಶ್ರೀಮಂತರ ಬಟ್ಟಲಿನಿಂದ ಎಲ್ಲರ ಕೈಗೆ ಬಂದದ್ದು ಯಂತ್ರಗಳಿಂದ. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಎಂಬವರು, ಅರೆದ ಕೊಕ್ಕೋವನ್ನು ಒತ್ತಿ ಅದರ ಬೆಣ್ಣೆಯನ್ನು ಬೇರೆ ಮಾಡುವ ಯಂತ್ರಕ್ಕೆ ಹಕ್ಕುಪತ್ರ ಪಡೆದರು. ಎಣ್ಣೆ ಗಾಣದಲ್ಲಿ ಎಣ್ಣೆ ಒಂದು ಕಡೆ, ಹಿಂಡಿ ಒಂದು ಕಡೆ ಆಗುವಂತೆಯೇ ಇದು. ಉಳಿದ ಹಿಂಡಿಯನ್ನು ಪುಡಿ ಮಾಡಿದರೆ ಅದೇ ಈಗ ಅಂಗಡಿಯಲ್ಲಿ ಸಿಗುವ ಕೋಕೋ ಪೌಡರ್. 1847ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಫ್ರೈ ಕಂಪನಿ ಕಚ್ಚಿ ತಿನ್ನುವ ಗಟ್ಟಿ ಚಾಕಲೇಟು ಮಾಡಿತು. 1875ರಲ್ಲಿ ಸ್ವಿಟ್ಜರ್ಲೆಂಡಿನ ಡ್ಯಾನಿಯಲ್ ಪೀಟರ್ ಹಾಲಿನ ಚಾಕಲೇಟು ತಯಾರಿಸಿದರು. ಅಲ್ಲಿಂದ ಮುಂದೆ ಚಾಕಲೇಟಿನಲ್ಲಿ ಹಾಲು, ಸಕ್ಕರೆ ಹೆಚ್ಚಾಗುತ್ತ, ಕೊಕ್ಕೋ ಕಡಿಮೆಯಾಗುತ್ತ ಹೋಯಿತು.

ಈ ಸಿಹಿಗೆ ಬೆವರು ಸುರಿಸಿದವರು ಬೇರೆ. ಆಫ್ರಿಕಾದ ಪಶ್ಚಿಮಕ್ಕಿರುವ ಸಾವೊ ಟೋಮೆ ದ್ವೀಪದಲ್ಲಿ ಪೋರ್ಚುಗೀಸರು ದೊಡ್ಡ ಕೊಕ್ಕೋ ತೋಟಗಳನ್ನು ಮಾಡಿದರು. ಗೋವಾವನ್ನು 1961ರವರೆಗೆ ಆಳಿದವರೇ ಆ ದ್ವೀಪವನ್ನು 1975ರವರೆಗೆ ಆಳಿದರು. ಅಂಗೋಲಾದಿಂದ ಕೂಲಿಗಳನ್ನು ಒಪ್ಪಂದದ ಹೆಸರಿನಲ್ಲಿ ಕರೆತಂದು, ಮರಳಿ ಊರಿಗೆ ಹೋಗಲು ಬಿಡದೆ ಗುಲಾಮರಂತೆ ದುಡಿಸಿದರು. ಪತ್ರಕರ್ತ ಹೆನ್ರಿ ನೆವಿನ್ಸನ್ 1906ರಲ್ಲಿ ಪುಸ್ತಕ ಬರೆದು ಇದನ್ನು ಬಯಲಿಗೆ ತಂದರು. ಕೊನೆಗೆ 1909ರಲ್ಲಿ ಇಂಗ್ಲೆಂಡಿನ ಕ್ಯಾಡ್‌ಬರಿ ಮೊದಲಾದ ಚಾಕಲೇಟು ಕಂಪನಿಗಳು ಅಲ್ಲಿಯ ಕೊಕ್ಕೋ ಕೊಳ್ಳುವುದನ್ನು ನಿಲ್ಲಿಸಿದವು. ಊರು ಬಿಟ್ಟು ಬಂದು ದುಡಿಯುವವರ ಮಕ್ಕಳಿಗೆ ಪಾಠ ಹೇಳುವ ನನಗೆ, ಇತಿಹಾಸದ ಈ ಪುಟವನ್ನು ಓದುವಾಗ ಗಂಟಲು ಕಟ್ಟಿತು.

ನಮ್ಮ ಕನ್ನಡದ ಕೊಕ್ಕೋ

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಕನ್ನಡಿಗರ ಕಥೆ ಹೇಳದಿದ್ದರೆ ಹೇಗೆ? ಭಾರತದಲ್ಲಿ ಕೊಕ್ಕೋ ಬೆಳೆ ಹರಡಿದ್ದು 1960ರ ದಶಕದಿಂದ ಈಚೆಗೆ. ತೆಂಗು ಮತ್ತು ಅಡಿಕೆ ತೋಟದ ನೆರಳಿನಲ್ಲಿ ಇದು ಚೆನ್ನಾಗಿ ಬರುತ್ತದೆ. ಕಾಸರಗೋಡಿನ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಅದರ ವಿಟ್ಲದ ಕೇಂದ್ರ ಇದರ ಮೇಲೆ ಸಂಶೋಧನೆ ನಡೆಸಿದವು. ದಕ್ಷಿಣ ಕನ್ನಡ, ಕಾಸರಗೋಡು ಮತ್ತು ಕೇರಳದ ರೈತರು 1970ರ ದಶಕದಲ್ಲಿ ಉತ್ಸಾಹದಿಂದ ಗಿಡ ನೆಟ್ಟರು.

ಕೊಕ್ಕೋ ಕಾಯಿ ಮರದ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ. ಒಡೆದರೆ ಒಳಗೆ ಮೂವತ್ತು ನಲವತ್ತು ಬೀಜ. ಬೀಜದ ಸುತ್ತಲಿನ ಬಿಳಿ ತಿರುಳು ಹುಳಿಸಿಹಿ. ಆ ಕಡೆಯ ಮಕ್ಕಳು ಅದನ್ನು ಚೀಪುತ್ತಾರೆ, ಅಳಿಲುಗಳೂ ಬಿಡುವುದಿಲ್ಲ. ಆದರೆ ಬೀಜ ಕಚ್ಚಿದರೆ ಕಹಿ. ಹಸಿ ಬೀಜವನ್ನು ಐದಾರು ದಿನ ರಾಶಿ ಹಾಕಿ ಹುದುಗಿಸಿ, ಆಮೇಲೆ ಬಿಸಿಲಿಗೆ ಒಣಗಿಸಬೇಕು. ಚಾಕಲೇಟಿನ ವಾಸನೆ ಹುಟ್ಟುವ ದಾರಿ ತೆರೆಯುವುದೇ ಆ ಹುದುಗಿನಲ್ಲಿ. ಮುಂದೆ ಹುರಿದಾಗ ಅದು ಪೂರ್ತಿಯಾಗುತ್ತದೆ. ನಮ್ಮ ಇಡ್ಲಿ ಹಿಟ್ಟು ಹುಳಿ ಬಂದಂತೆ ಎನ್ನಿ.

ಇದಕ್ಕೂ ಮೊದಲು ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗಾಲಾಗಿದ್ದರು. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಹುಟ್ಟಿತು. ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಅದರ ಸದಸ್ಯರು. 1956ರಲ್ಲಿ ರಾಜ್ಯಗಳ ಗಡಿ ಕಾಸರಗೋಡನ್ನು ಆಚೆಗೆ ಹಾಕಿತು. ಆದರೆ ಆಚೆಯ ತೋಟ, ಈಚೆಯ ತೋಟ ಎರಡನ್ನೂ ಒಂದು ಸಹಕಾರಿ ಸಂಘ ಕೂಡಿಸಿತು. ಗಡಿಯಾಚೆ ಕನ್ನಡ ಕಲಿಸುವ ನಮ್ಮಂಥವರಿಗೆ ಇದು ಬಹಳ ದೊಡ್ಡ ಪಾಠವೆಂದು ನನ್ನ ಭಾವನೆ.

1980ರ ಹೊತ್ತಿಗೆ ಕೊಕ್ಕೋ ಬೆಲೆಯೂ ಬಿದ್ದಿತು. ಖಾಸಗಿ ಖರೀದಿದಾರರು ಹಿಂದೆ ಸರಿದರು. ಬೆಳೆದ ಕಾಯಿಯನ್ನು ಕೇಳುವವರಿಲ್ಲದ ಸ್ಥಿತಿ. ಆಗ ಕ್ಯಾಂಪ್ಕೋ ರೈತರಿಂದ ಕೊಕ್ಕೋ ಬೀಜ ಕೊಳ್ಳಲು ಮುಂದೆ ಬಂತು. ಬರೀ ಬೀಜ ಮಾರಿದರೆ ಬೆಲೆ ಕಟ್ಟುವವರು ಬೇರೆಯವರೇ ಎಂದು ತಿಳಿದು, ತಾವೇ ಚಾಕಲೇಟು ಮಾಡುವ ಸಾಹಸಕ್ಕೆ ಕೈ ಹಾಕಿತು. ದಕ್ಷಿಣ ಕನ್ನಡದ ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಟ್ಟಿದ ಚಾಕಲೇಟು ಕಾರ್ಖಾನೆಯನ್ನು 1986ರ ಸೆಪ್ಟೆಂಬರ್ 1ರಂದು ಆಗಿನ ರಾಷ್ಟ್ರಪತಿ ಗ್ಯಾನಿ ಜೈಲ್‌ಸಿಂಗ್ ಉದ್ಘಾಟಿಸಿದರು. ಸಾವೊ ಟೋಮೆಯಲ್ಲಿ ಬೆಳೆದವನಿಗೆ ಚಾಕಲೇಟಿನ ರುಚಿಯೇ ಗೊತ್ತಿರಲಿಲ್ಲ; ಪುತ್ತೂರಿನಲ್ಲಿ ಬೆಳೆದವನೇ ಕಾರ್ಖಾನೆಯ ಪಾಲುದಾರನಾದ. ಎಷ್ಟು ವ್ಯತ್ಯಾಸ ನೋಡಿ!

ಲೇಬಲ್ ಓದುವ ಪಾಠ

ಮರುದಿನ ಮಕ್ಕಳಿಗೆ ಖಾಲಿ ಚಾಕಲೇಟು ಕಾಗದಗಳನ್ನು ತರಲು ಹೇಳಿದೆ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂದು ನಿಯಮವಿದೆ. ಅವರು ತಂದ ಹೆಚ್ಚಿನ ಕಾಗದಗಳಲ್ಲಿ ಮೊದಲ ಹೆಸರು ಸಕ್ಕರೆಯದ್ದೇ! "ಸರ್, ಇದು ಚಾಕಲೇಟ್ ಅಲ್ರೀ, ಸಕ್ಕರಿಗೆ ಬಣ್ಣ ಹಚ್ಯಾರ" ಎಂದಳು ಒಬ್ಬ ಹುಡುಗಿ. ಸಾಮಾನ್ಯವಾಗಿ 40 ಗ್ರಾಂ ಹಾಲಿನ ಚಾಕಲೇಟಿನಲ್ಲಿ 22ರಿಂದ 24 ಗ್ರಾಂ ಶರ್ಕರಪಿಷ್ಟ ಇರುತ್ತದೆ, ಅದರಲ್ಲಿ ಬಹುಪಾಲು ಸಕ್ಕರೆಯೇ. ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಮಚದ ಒಳಗೆ ಸಕ್ಕರೆ ಇದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಇದು ಆರೋಗ್ಯವಂತರಿಗೆ ಹೇಳಿದ ಮಾತು.

ಅಂದರೆ ಚಾಕಲೇಟಿನ ಸಿಹಿ ಚಾಕಲೇಟಿನದಲ್ಲ, ಆಮೇಲೆ ಹಾಕಿದ್ದು. ಹಾಕಿದ್ದನ್ನು ತೆಗೆಯಲೂ ಬರುತ್ತದೆ. ಹುಡುಗನ ಪ್ರಶ್ನೆಗೆ ಇದೇ ಉತ್ತರ.

ಮಾಡಿ ನೋಡಿ: ಕೊಕ್ಕೋ ಶ್ರೀಖಂಡ

ಗೋವಾದಲ್ಲಿ 'ಸೆರ್ರಾದುರಾ' ಎಂಬ ತಣ್ಣನೆಯ ಸಿಹಿ ತಿನಿಸಿದೆ. ಪೋರ್ಚುಗೀಸ್ ಭಾಷೆಯಲ್ಲಿ ಹಾಗೆಂದರೆ ಮರದ ಹೊಟ್ಟು. ಮೇರಿ ಬಿಸ್ಕತ್ತಿನ ಪುಡಿ ಒಂದು ಪದರ, ಕೆನೆ ಮತ್ತು ಕಂಡೆನ್ಸ್ಡ್ ಹಾಲು ಒಂದು ಪದರ ಹಾಕಿ ಫ್ರಿಜ್ಜಿನಲ್ಲಿ ಇಡುತ್ತಾರೆ. ರುಚಿ ಹೌದು, ಆದರೆ ಬಿಸ್ಕತ್ತೂ ಕಂಡೆನ್ಸ್ಡ್ ಹಾಲೂ ಸಕ್ಕರೆ ಕಾಯಿಲೆಯವರಿಗೆ ಆಗುವುದಿಲ್ಲ. ನಮ್ಮ ಮನೆಯವರು ಇದನ್ನೇ ನಮ್ಮ ಕಡೆಯ ಸಾಮಾನಿನಲ್ಲಿ ಮಾಡಿದರು. ಕೆನೆಯ ಬದಲು ಶ್ರೀಖಂಡಕ್ಕೆ ಕಟ್ಟುವಂತೆ ಕಟ್ಟಿದ ಮೊಸರು, ಬಿಸ್ಕತ್ತಿನ ಬದಲು ಶೇಂಗಾ ಪುಡಿ. ಶೇಂಗಾದ ತವರೂ ದಕ್ಷಿಣ ಅಮೆರಿಕವೇ. ಹೀಗೆ ಕೊಕ್ಕೋ ಮತ್ತು ಶೇಂಗಾ ಎರಡೂ ನೆಂಟರು ನಮ್ಮ ಬಟ್ಟಲಿನಲ್ಲಿ ಮತ್ತೆ ಭೇಟಿಯಾದರು.

ನಾಲ್ಕು ಜನರಿಗೆ ಬೇಕಾದದ್ದು: ಅರ್ಧ ಲೀಟರ್ ಗಟ್ಟಿ ಹಾಲಿನ ಮೊಸರು, ಸಕ್ಕರೆ ಇಲ್ಲದ ಕೋಕೋ ಪೌಡರ್ ಎರಡು ದೊಡ್ಡ ಚಮಚ, ಶೇಂಗಾ ಒಂದು ಹಿಡಿ (ಸುಮಾರು 40 ಗ್ರಾಂ), ಸಕ್ಕರೆ ಎರಡು ಚಹಾ ಚಮಚ, ಏಲಕ್ಕಿ ಎರಡು, ಚಿಟಿಕೆ ಉಪ್ಪು. ಕೊಳ್ಳುವಾಗ ಎಚ್ಚರ: 'ಡ್ರಿಂಕಿಂಗ್ ಚಾಕಲೇಟ್' ಎಂದು ಬರೆದದ್ದು ಬೇರೆ, ಅದರಲ್ಲಿ ಬಹುಪಾಲು ಸಕ್ಕರೆ.

ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಐದಾರು ಗಂಟೆ ತೂಗು ಹಾಕಿ. ಗೋವಾದ ಸೆಕೆಗೆ ಹೊರಗೆ ಬಹಳ ಹುಳಿಯಾಗುತ್ತದೆ, ಆದ್ದರಿಂದ ಜಾಲರಿಯಲ್ಲಿ ಇಟ್ಟು, ಕೆಳಗೆ ಪಾತ್ರೆ ಇರಿಸಿ ಫ್ರಿಜ್ಜಿನಲ್ಲಿ ಇಟ್ಟರೆ ಒಳ್ಳೆಯದು. ಇಳಿದ ನೀರಿನ ಜೊತೆ ಹಾಲಿನ ಸಕ್ಕರೆಯೂ ಸ್ವಲ್ಪ ಹೋಗುತ್ತದೆ. ಕೋಕೋ ಪೌಡರನ್ನು ಮೂರು ಚಮಚ ಕುದಿಯುವ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಬಿಸಿ ನೀರು ತಾಗಿದರೇ ಅದರ ಪರಿಮಳ ಏಳುವುದು. ಅದರಲ್ಲಿಯೇ ಸಕ್ಕರೆ, ಉಪ್ಪು ಕರಗಿಸಿ ಪೂರ್ತಿ ಆರಿಸಿ. ಬಿಸಿ ಇರುವಾಗ ಮೊಸರಿಗೆ ಹಾಕಿದರೆ ಮೊಸರು ಒಡೆಯುತ್ತದೆ. ಆರಿದ ಮೇಲೆ ಮೊಸರಿಗೆ ಹಾಕಿ, ಏಲಕ್ಕಿ ಪುಡಿ ಸೇರಿಸಿ ಚೆನ್ನಾಗಿ ಕಲಸಿ. ಶೇಂಗಾ ಹುರಿದು, ಸಿಪ್ಪೆ ತೆಗೆದು, ತರಿತರಿಯಾಗಿ ಕುಟ್ಟಿ. ಸಣ್ಣ ಲೋಟದಲ್ಲಿ ಒಂದು ಪದರ ಶೇಂಗಾ, ಒಂದು ಪದರ ಕೊಕ್ಕೋ ಮೊಸರು, ಮೇಲೆ ಮತ್ತೆ ಶೇಂಗಾ. ಮೂರು ಗಂಟೆ ತಣ್ಣಗೆ ಇಡಿ. ಫ್ರಿಜ್ಜು ಇಲ್ಲದ ಖೋಲಿಯವರು ನೆರೆಮನೆಯ ಫ್ರಿಜ್ಜಿನಲ್ಲಿ ಇಟ್ಟು, ಅವರಿಗೂ ಒಂದು ಲೋಟ ಕೊಡಿ!

ನಾನು ಲೆಕ್ಕ ಹಾಕಿದಂತೆ ಒಂದು ಲೋಟಕ್ಕೆ ಸುಮಾರು 8 ಗ್ರಾಂ ಶರ್ಕರಪಿಷ್ಟ ಬರುತ್ತದೆ, ಅದರಲ್ಲಿಯೂ ಸ್ವಲ್ಪ ನಾರು. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಪರವಾಗಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಇದು ತಪ್ಪು. ಬೆಲ್ಲವೂ ಜೇನುತುಪ್ಪವೂ ರಕ್ತದಲ್ಲಿ ಸಕ್ಕರೆಯನ್ನೇ ಏರಿಸುತ್ತವೆ. ನಾನು ಮೇಷ್ಟ್ರು, ಡಾಕ್ಟರ್ ಅಲ್ಲ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟದಲ್ಲಿ ದೊಡ್ಡ ಬದಲಾವಣೆ ಮಾಡುವ ಮೊದಲು ತಮ್ಮ ಡಾಕ್ಟರನ್ನು ಕೇಳಲೇಬೇಕು. ಶೇಂಗಾ ಆಗದ ಮಕ್ಕಳಿದ್ದರೆ ಅದನ್ನು ಬಿಡಿ.

ಆ ತಾಯಿಯ ಮಾತು

ಒಂದು ಶನಿವಾರ ಮಗನನ್ನು ಕರೆದೊಯ್ಯಲು ಆ ತಾಯಿ ಬಂದಿದ್ದರು. ಡಾಕ್ಟರನ್ನು ಕೇಳಿ, ಅವರು ಸ್ವಲ್ಪ ತಿನ್ನಬಹುದು ಎಂದಿದ್ದರಂತೆ. ನಮ್ಮ ಮನೆಯವರು ಕಳಿಸಿದ ಡಬ್ಬಿಯನ್ನು ಹುಡುಗನೇ ತೆರೆದು ಅವ್ವನಿಗೆ ಕೊಟ್ಟ. ಅವರು ಮೊದಲ ಚಮಚಕ್ಕೆ ಮುಖ ಸ್ವಲ್ಪ ಹಿಂಡಿದರು. ಎರಡನೆಯ ಚಮಚಕ್ಕೆ ನಕ್ಕರು.

"ಸ್ವಲ್ಪ ಕಹಿ ಐತ್ರೀ ಸರ್, ಆದ್ರ ಛಲೋ ಐತಿ. ಇವನ ಹುಟ್ಟಿದ ಹಬ್ಬದಾಗ ನಾನೂ ಏನರ ತಿಂದಂಗಾತು" ಎಂದರು. ಅರ್ಧ ತಿಂದು, ಉಳಿದದ್ದನ್ನು ಮುಚ್ಚಿ, ಪಕ್ಕದ ಖೋಲಿಯ ಅಜ್ಜಿಗೆ ಎಂದು ತೆಗೆದಿಟ್ಟುಕೊಂಡರು. ಆ ಅಜ್ಜಿಗೂ ಸಕ್ಕರೆ ಕಾಯಿಲೆಯಂತೆ.

'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಬಲ್ಲವನು ಆಗಬೇಕಾದರೆ ತಿನ್ನುವ ಪದಾರ್ಥ ಎಲ್ಲಿಂದ ಬಂತು, ಅದಕ್ಕೆ ಯಾರು ಏನು ಬೆರೆಸಿದರು ಎಂದು ತಿಳಿದಿರಬೇಕು. ಇತಿಹಾಸದ ಪಾಠ ಪರೀಕ್ಷೆಯ ಅಂಕಗಳಿಗೆ ಮಾತ್ರ ಎಂದು ಮಕ್ಕಳು ತಿಳಿದುಕೊಂಡಿರುತ್ತಾರೆ. ನಾನೂ ಎಷ್ಟೋ ವರ್ಷ ಹಾಗೆಯೇ ಪಾಠ ಮಾಡಿದ್ದೇನೆ. ಈ ಸಲ ಒಂದು ಮಗುವಿನ ಪ್ರಶ್ನೆ ನನ್ನನ್ನು ತಿದ್ದಿತು. ನಿಮ್ಮ ತರಗತಿಯಲ್ಲಿಯೂ ಮುಂದಿನ ಹುಟ್ಟುಹಬ್ಬಕ್ಕೆ ಚಾಕಲೇಟು ಹಂಚಿದಾಗ ಆ ಕಾಗದವನ್ನು ಕಸದ ಬುಟ್ಟಿಗೆ ಹಾಕುವ ಮೊದಲು ಮಕ್ಕಳಿಂದ ಒಮ್ಮೆ ಓದಿಸಿ ನೋಡಿ.